ಸೇಫ್ಟಿ ಬಿಗಿ

ಬೈತಖೋಲ ಜಟ್ಟಿಯ ಮೇಲೆ ಇಂಜಿನ್ನು ಬಿಚ್ಚಿಕೊಂಡು ಕೂತಿದ್ದೆ.
ಪಾಂಡುರಂಗನ ಮಗ ಬಂದ. ನೇವಿಗೆ ಆಯ್ಕೆಯಾಗಿದ್ದಾನೆ,
ಕೂದಲು ಆಗಲೇ ಕತ್ತರಿಸಿಕೊಂಡಿದ್ದಾನೆ.
“ಕಾಕಾ, ಪಿಸ್ತೂಲು ಒಳ್ಳೇದಾ?”

ಒಳ್ಳೇದೇ ಮಾರಾಯ.
ಸೊಂಟದಲ್ಲಿರುತ್ತದೆ, ಎರಡೂ ಕೈ ಖಾಲಿ.
ಹಗ್ಗದೇಣಿ ಹತ್ತುವವನಿಗೆ ಇನ್ನೇನು ಬೇಕು?
ಹಡಗಿನ ಕಿರುಬಾಗಿಲಲ್ಲಿ ರೈಫಲ್ಲು
ಮಾಡು ಹೊದಿಸುವವನ ಗಳದ ಹಾಗೆ ಅಡ್ಡ ಸಿಕ್ಕುತ್ತದೆ;
ಇದು ನೀನು ತಿರುಗಿದಲ್ಲಿ ತಿರುಗುತ್ತದೆ.
ಹದಿಮೂರು ಗುಂಡು. ತೂಕ
ಹದವಾದ ಒಂದು ಪಾಪ್ಲೆಟ್ಟಿನಷ್ಟು.

ಆದರೆ ಇಪ್ಪತ್ತೈದು ಹೆಜ್ಜೆಯಾಚೆ ಅದರ ಮಾತು ನಂಬಬೇಡ,
ತೂಗುವ ಡೆಕ್ಕಿನ ಮೇಲಾದರೆ ಹತ್ತೇ.
ಹ್ಯಾಮರು ಹಿಂದೆ ಬರುವಾಗ ಹೆಬ್ಬೆರಳ ಬುಡ ಕಚ್ಚುತ್ತದೆ,
ನೋಡು ಈ ಕಲೆ. ಗಾಳದ ನೂಲಿನದಲ್ಲ.
ಮತ್ತೆ ನಮ್ಮ ಗಾಳಿ!
ಅರ್ಗಾದಲ್ಲಿ ರಾತ್ರಿ ಒರೆಸಿಟ್ಟದ್ದು
ಬೆಳಿಗ್ಗೆ ಅರಿಶಿನ ಹಚ್ಚಿಕೊಂಡು ಕೂತಿರುತ್ತಿತ್ತು.
ಹನ್ನೆರಡು ವರ್ಷ ಗುಂಡು ಹೊಡೆದದ್ದು ಕಾಗದಕ್ಕೆ,
ಒರೆಸಿದ್ದು ಉಪ್ಪು.
ನೀರಿಗೆ ಬೀಳದ ಹಾಗೆ ಕರುವಿನಂತೆ ಕಣ್ಣಿ ಕಟ್ಟಿರುತ್ತಾರೆ.
ಯಾರನ್ನು ಯಾರಿಗೆ ಕಟ್ಟಿದ್ದೋ, ನನಗೆ ಕೊನೆವರೆಗೂ ತಿಳಿಯಲಿಲ್ಲ.

ಒಂದು ರಾತ್ರಿ, ಕೂರ್ಮಗಡದ ಪಡುವಲಲ್ಲಿ
ದೀಪವಿಲ್ಲದ ದೋಣಿ. ಕೂಗಿದೆವು. ಉತ್ತರವಿಲ್ಲ.
ನಾನು ಮೊದಲು ಹತ್ತಿದೆ.
ಕತ್ತಲಲ್ಲಿ ಒಬ್ಬ ಎದ್ದು ನಿಂತ,
ಕೈಯಲ್ಲಿ ಏನೋ ಕಬ್ಬಿಣ.
ಸೇಫ್ಟಿಯ ಗುಂಡಿ ಸಣ್ಣದು, ಅದರ ಮೇಲೆ ಉಪ್ಪು ತಿಂದದ್ದು.
ಒತ್ತಿದೆ. ಜಗ್ಗಲಿಲ್ಲ.
ಮತ್ತೆ ಒತ್ತುವಷ್ಟರಲ್ಲಿ
“ಮಷೀನು ಬಂದ್ ಬಿದ್ದದೆ ಸಾಹೇಬ್ರೇ,
ಬ್ಯಾಟ್ರಿನೂ ಇಲ್ಲ, ಎರಡು ದಿನ ಆಯ್ತು” ಅಂದ.
ಕೂಗಿ ಕೂಗಿ ಗಂಟಲು ಹೋಗಿತ್ತು ಅವನದು.
ಕೈಯಲ್ಲಿದ್ದದ್ದು ಸ್ಪಾನರು.

ಚೆಂಡಿಯಾದ ದತ್ತಾ ಹರಿಕಂತ್ರ.
ಈ ಇಂಜಿನ್ನು ಅವನದೇ. ಊಟಕ್ಕೆ ಹೋಗಿದ್ದಾನೆ,
ಬಂದಮೇಲೆ ಇದನ್ನೆಲ್ಲ ಎತ್ತಬೇಡ.

ದಡಕ್ಕೆ ಬಂದು ವಹಿಯಲ್ಲಿ ಬರೆದೆ:
ದೋಷ, ಸೇಫ್ಟಿ ಬಿಗಿ.
ಬರೆದವನೂ ನಾನೇ, ಮಾರನೇ ದಿನ
ಅರ ಹಿಡಿದು ತೀಡಿ, ಎಣ್ಣೆ ಬಿಟ್ಟು
ಬೆಣ್ಣೆಯ ಹಾಗೆ ಮಾಡಿಕೊಟ್ಟವನೂ ನಾನೇ.
ಕೆಲಸ. ಮಾಡದೆ ಇರುವ ಹಾಗಿಲ್ಲ.
ನಂಬರು ಇನ್ನೂ ಬಾಯಿಪಾಠ ಇದೆ.
ಯಾರ ಸೊಂಟದಲ್ಲಿದೆಯೋ ಈಗ.

“ಹಾಗಾದ್ರೆ ಒಳ್ಳೇದಾ, ಅಲ್ವಾ?”

ಆ ಹದಿನಾಲ್ಕರ ಸ್ಪಾನರು ಕೊಡು ಇಲ್ಲಿ.
ಅದಲ್ಲವೋ,
ಪಕ್ಕದ್ದು.