ಎಂಟು ಹೂವಿನ ತುಂಡು

ಕಟ್ಟಿನಕೆರೆ ಮಾರ್ಕೆಟ್ಟು, ನನ್ನ ಔಷಧಿ ಅಂಗಡಿಯ ಎದುರು
ದ್ಯಾವೀರಮ್ಮ ಬುಟ್ಟಿ ಇಟ್ಟು ಹದಿನಾರು ವರ್ಷ.
ಒದ್ದೆ ಗೋಣಿ, ಬಾಳೆನಾರು, ಸೇವಂತಿಗೆ,
ನಡುನಡುವೆ ಕೆಮ್ಮು.
"ನೀ ಕೊಟ್ಟ ಬೀಪಿ ಗುಳಿಗೆ ಕಣಪ್ಪ.
ಕಫ ಇಲ್ಲ, ಜ್ವರ ಇಲ್ಲ, ಬರೀ ಒಣ ಕೆಮ್ಮು.
ಮೊಳ ಎಷ್ಟು ಅಂತ ಕೇಳಿದೋರು
ನಾ ಕೆಮ್ಮಿ ಮುಗ್ಸೋದ್ರೊಳಗೆ ಪಕ್ಕದವಳ ತಾವ ಇರ್ತಾರೆ."

ಮಧ್ಯಾಹ್ನ, ಗಿರಾಕಿ ಇಲ್ಲ.
ಅವಳ ಬುಟ್ಟಿಯಿಂದಲೇ ಒಂದು ಮಾರು ಎಳೆದೆ.
ಇದು ನಿನ್ನ ಯಕೃತ್ತು ಕಟ್ಟಿ ಬಿಟ್ಟ ಮಾಲೆ,
ರಕ್ತದಲ್ಲಿ ಸುಮ್ಮನೆ ತೇಲುತ್ತದೆ.
ಒತ್ತಡ ಇಳಿದರೆ, ಉಪ್ಪು ಸಾಲದಾದರೆ
ಮೂತ್ರಪಿಂಡ ಕತ್ತರಿ ಕಳಿಸುತ್ತದೆ:
ತುದಿಯಿಂದ ಹತ್ತು ಹೂವು, ಕಚಕ್.
"ಹತ್ತು ಹೂವಿಗೆ ಯಾರು ಕಾಸು ಕೊಟ್ಟಾರು?"
ಯಾರೂ ಇಲ್ಲ. ಹತ್ತು ಇನ್ನೂ ಮಂಕು.
ಶ್ವಾಸಕೋಶ ದಾಟುವಾಗ ಅಲ್ಲೊಂದು ಕತ್ತರಿ,
ಎರಡು ಉದುರಿ ಎಂಟಾಯಿತೋ

ಆಗ ನೋಡು.
ನಾಳಗಳು ನಾರಿನ ಗಂಟಿನಂತೆ ಬಿಗಿಯುತ್ತವೆ.
ಹೊರಟು ನಿಂತ ಉಪ್ಪನ್ನು ಬಾಗಿಲಲ್ಲೇ ತಡೆದು
ವಾಪಸು ಕರೆಯುತ್ತದೆ. ನಾಲಿಗೆ ನೀರು ಎನ್ನುತ್ತದೆ.
ಹೆಸರು ಆಂಜಿಯೋಟೆನ್ಸಿನ್ ಎರಡು,
ಆಯುಸ್ಸು, ನೀನು ಚಿಲ್ಲರೆ ಎಣಿಸುವಷ್ಟು ಹೊತ್ತು.
ನಿನ್ನ ಗುಳಿಗೆ ಆ ಎರಡನೇ ಕತ್ತರಿಯ ಕೈ ಹಿಡಿದಿದೆ.
ಅದೇ ಕತ್ತರಿ ಗಂಟಲ ಕಸವನ್ನೂ ತೆಗೆಯುತ್ತಿತ್ತು,
ಈಗ ಕಸ ಅಲ್ಲೇ. ಅದಕ್ಕೇ ಕೆಮ್ಮು.

ಅವಳು ನಾರು ಕಚ್ಚಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು.
"ಮೂರನೇ ಹೆರಿಗೇಲಿ ದುದ್ದದಿಂದ
ಹಾಲಿನ ವ್ಯಾನಲ್ಲಿ ತಂದ್ರು, ಕ್ಯಾನುಗಳ ಮಧ್ಯೆ ಮಲಗ್ಸಿ.
ಹೋಗೋ ರಕ್ತ ನಿಲ್ತಾನೇ ಇಲ್ಲ. ಕೈಕಾಲು ಐಸು.
ನೀರು ನೀರು ಅಂತ ಬಡ್ಕಂಡೆ, ಒಬ್ರೂ ಕೊಡ್ಲಿಲ್ಲ.
ಅವತ್ತೂ ಇದೇನಾ?"
ಇದೂ ಇತ್ತು, ಎಂದೆ.
"ಅಂಗಾದ್ರೆ ಅದನ್ನ ಬೈಬ್ಯಾಡ."

ಬೈಯಲಿಲ್ಲ. ಎಂಟರಲ್ಲಿ ಇನ್ನೊಂದು ಕಿತ್ತರೆ
ಏಳು ಹೂವಿನ ಆ ತುಂಡೇ
ಬಿಗಿದದ್ದನ್ನು ಸಡಿಲಿಸುತ್ತದೆ ಎಂದೂ ಹೇಳಿದೆ.
ಅವಳಿಗೆ ಅದು ಬೇಕಿರಲಿಲ್ಲ.
"ಹತ್ತರಲ್ಲಿ ಉದುರಿದ್ವಲ್ಲ, ಆ ಎರಡು, ಏನಾದವು?"

ಇಷ್ಟು ವರ್ಷ ಗುಳಿಗೆ ಮಾರಿದ್ದೇನೆ, ಗೊತ್ತಿಲ್ಲ.
ಗೋಣಿಯ ಮೇಲೆ ಬಿದ್ದಿದ್ದ ಎರಡು ಸೇವಂತಿಗೆ ಹೆಕ್ಕಿ
ಬೇರೆ ಮಾಲೆಗೆ ಸೇರಿಸಿ ಗಂಟು ಹಾಕಿದಳು.

ಡಾಕ್ಟರು ಗುಳಿಗೆ ಬದಲಿಸಿ ಇದು ಮೂರನೇ ವಾರ.
ಕೆಮ್ಮು ನಿಂತಿದೆ.
ಎದುರು ಬುಟ್ಟಿ ಇದೆಯೋ ಇಲ್ಲವೋ ಎಂದು
ಬೆಳಿಗ್ಗೆಯಿಂದ ಎರಡು ಸಲ ತಲೆ ಎತ್ತಿ ನೋಡಿದೆ.