ಕಲ್ಲಿನ ಬೆನ್ನು

ಭಾನುವಾರ ಹತ್ತಕ್ಕೆ ಬೀಗ ತೆಗೆಯುವುದು ಮುಕ್ರಂ ಸಾಬರ ಪಾಲು.
ಶಟರು ಅರ್ಧಕ್ಕೇ ನಿಂತುಬಿಡುತ್ತದೆ,
ಒಳಗೆ ಬರುವವರೆಲ್ಲ ತಲೆ ತಗ್ಗಿಸಿಯೇ ಬರಬೇಕು.
"ಚರಿತ್ರೆಗೆ ಮರ್ಯಾದೆ" ಎನ್ನುತ್ತಾರೆ ಗಂಗುಲಪ್ಪ ಮೇಷ್ಟ್ರು,
ಹಣೆ ಸವರಿಕೊಳ್ಳುತ್ತ.

ಶಿಡ್ಲಘಟ್ಟದ ಪೇಟೆಯ ಹಿಂದೆ, ಹಳೆಯ ರೀಲಿಂಗ್ ಶೆಡ್ಡು.
ಮೋಡ ಕವಿದರೆ ಗೋಡೆ ಇನ್ನೂ
ಬೆಂದ ಹುಳುವಿನ ವಾಸನೆ ಬಿಡುತ್ತದೆ.
ಎರಡು ಚರಕ, ಕಪಿಲೆಯ ಬಾನಿ, ಕೊಳಗ, ಸೇರು, ಪಾವು,
ಯಾರದೋ ಗ್ರಾಮಫೋನಿನ ಕೊಂಬು ಮಾತ್ರ.
ನಾನು ಚೀಟಿ ಬರೆಯುವವಳು.
ತಾಲ್ಲೂಕು ಕಚೇರಿಯಲ್ಲಿ ಟೈಪು ಕುಟ್ಟಿದ ಬೆರಳು,
ನಿವೃತ್ತಿಯಾದರೂ ಸುಮ್ಮನಿರಲು ಕಲಿತಿಲ್ಲ.
ವಸ್ತು. ಕಾಲ. ಸಿಕ್ಕ ಜಾಗ. ಕೊಟ್ಟವರು.
ಕಾಲ ತಿಳಿಯದಿದ್ದರೆ "ಸುಮಾರು" ಎಂದು ಬರೆದು
ಮುಂದೊಂದು ಗೆರೆ ಎಳೆಯುತ್ತೇನೆ,
ಬಾಕಿ ಬಂದರೆ ತುಂಬಿಕೊಳ್ಳಲಿ ಎಂಬಂತೆ.

ನಲವತ್ತೊಂದನೇ ನಂಬರು, ವೀರಗಲ್ಲು.
ಕೆರೆಕೋಡಿಯ ಕೆಳಗೆ, ಪಿಳ್ಳಕ್ಕನ ಹಿತ್ತಲಲ್ಲಿ
ಬೋರಲು ಬಿದ್ದಿತ್ತು.
ಟ್ರಾಕ್ಟರ್ ಬಾಡಿಗೆಗೆ ಆರು ಜನ ನೂರು ನೂರು ಹಾಕಿದೆವು.
ಮೇಷ್ಟ್ರು ಮೂಗಿಗೆ ಕರ್ಚೀಫು ಕಟ್ಟಿಕೊಂಡು
ಹಲ್ಲುಜ್ಜುವ ಬ್ರಷ್ಷಿನಲ್ಲಿ ಮಣ್ಣು ಬಿಡಿಸಿದರು:
ಮೇಲೆ ಕೈಲಾಸ, ನಡುವೆ ಅಪ್ಸರೆಯರು, ಕೆಳಗೆ ಯುದ್ಧ,
ಮೂಲೆಯಲ್ಲಿ ನಾಲ್ಕು ಕುದುರೆ.
"ಯಾರೋ ಪಾಳೇಗಾರನ ಕಡೆಯವನು."
ಹಾಗೇ ಬರೆದೆ.
"ಹಿಂಬದಿ ನುಣುಪು: ಗಾಳಿಮಳೆಯ ಸವೆತ."
ಅದನ್ನೂ ಬರೆದೆ.

ಹದಿನೈದು ದಿನ ಬಿಟ್ಟು ಪಿಳ್ಳಕ್ಕ ಬಂದಳು,
ರಸೀದಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು.
ಬಗ್ಗಿ ಒಳಬಂದು, ನೆಟ್ಟಗಾಗಿ, ನೋಡಿದಳು.
ಅವನ ಮುಖ ಕಂಡದ್ದು ಅದೇ ಮೊದಲು.
"ಅಯ್ಯೋ, ಮೀಸೆ ಐತಲ್ಲಪ್ಪ ನಿಂಗೆ!"

ಆಮೇಲೆ ಮೂಲೆಗೆ ಕಣ್ಣಿಟ್ಟು:
"ಕುದುರೆ ಯಾವ್ದು ಮೇಷ್ಟ್ರೇ? ದನ ಇವು.
ಕೆಚ್ಚಲು ಕಾಣಲ್ವಾ?
ಈ ಕೊನೇದು ಗಬ್ಬ. ಇನ್ನು ಹತ್ತು ದಿನ, ಅಷ್ಟೇ."
ಮೇಷ್ಟ್ರು ಕನ್ನಡಕ ಒರೆಸಿದರು, ಎರಡು ಸಲ.
ಕಾಲೇಜಿನ ಸುಹಾನಾ ಮೊಬೈಲಿನ ಬೆಳಕು ಹಿಡಿದಳು.
ಹೌದು, ಕೆಚ್ಚಲು. ಸಾಸಿವೆಯಷ್ಟು ಮೊಲೆ.
ಏಳು ನೂರೋ ಎಂಟು ನೂರೋ ವರ್ಷದಿಂದ
ಆ ಹತ್ತು ದಿನ ಮುಗಿಯದ ಹಸು.
ತುರು ಬಿಡಿಸಲು ಹೋಗಿ ಸತ್ತವನು ಇವನು,
ಪಾಳೇಗಾರನೂ ಅಲ್ಲ, ಗೀಳೇಗಾರನೂ ಅಲ್ಲ.

ಚೀಟಿ ಕಿತ್ತು ಬೇರೆ ಬರೆದೆ. "ಓದಮ್ಮ" ಅಂದಳು.
ಓದಿದೆ. "ಹಿಂಬದಿ ನುಣುಪು: ಗಾಳಿಮಳೆಯ..."
ಪಿಳ್ಳಕ್ಕ ನಕ್ಕುಬಿಟ್ಟಳು.
"ಗಾಳಿ ಮಳೆ ಏನು ಬಂತು? ನಾನು!
ಮದ್ವೆಯಾಗಿ ಬಂದ ಎಂಟನೇ ದಿನದಿಂದ.
ನಮ್ಮತ್ತೆ ಸೀರೆ, ಗಂಡನ ಫಿಲೇಚರ್ ಅಂಗಿ,
ಬದುಕಿದ ಎರಡು ಮಕ್ಕಳದ್ದು ದಿನಾ,
ಸತ್ತೋದ ಕೂಸಿನ ತೊಟ್ಟಿಲಬಟ್ಟೆ ಒಂದೇ ಸಲ,
ಎಲ್ಲಾ ಒಗೆದಿದ್ದು ಇವನ ಬೆನ್ನ ಮೇಲೇ."

ಮುಕ್ರಂ ಸಾಬರು ಟೀ ತರುತ್ತೇನೆಂದು ಹೋದರು,
ಅರ್ಧ ಗಂಟೆ ಬರಲಿಲ್ಲ.

ಕಲ್ಲನ್ನು ಗೋಡೆಗೆ ಒರಗಿಸಿ ಸಿಮೆಂಟು ಹಾಕಿದ್ದೆವು.
ಬಿಡಿಸಲು ಮೂರು ಭಾನುವಾರ ಹಿಡಿಯಿತು,
ಎರಡು ಉಳಿ, ಮೇಷ್ಟ್ರ ಸೊಂಟ.
ಈಗದು ಶೆಡ್ಡಿನ ನಟ್ಟನಡುವೆ, ಸುತ್ತು ಬರಬಹುದು.
ಮುಂದೆ ಅವನ ಯುದ್ಧ,
ಒಂದು ಮಧ್ಯಾಹ್ನದಲ್ಲಿ ಮುಗಿದದ್ದಿರಬೇಕು.
ಹಿಂದೆ ಏನೂ ಇಲ್ಲ.
ನಡುವೆ ಒಂದು ತಗ್ಗು, ಬೊಗಸೆ ನೀರು ನಿಲ್ಲುವಷ್ಟು.

ಹಿಂಬದಿಗೂ ಒಂದು ಚೀಟಿ ಅಂಟಿಸಿದ್ದೇನೆ.
ಕಾಲ: ಮೂವತ್ತನಾಲ್ಕು ವರ್ಷ, ಎಂಟು ದಿನ ಕಡಿಮೆ.
"ಸುಮಾರು" ಬರೆಯಲಿಲ್ಲ.
"ಮುಟ್ಟಬೇಡಿ" ಬೋರ್ಡು ಮುಂದಿನ ಕಡೆಗೆ ಮಾತ್ರ.
ಶಾಲೆಯ ಮಕ್ಕಳು ಬಂದರೆ ಬೆನ್ನಿನ ಕಡೆ ಪಿಳ್ಳಕ್ಕ ನಿಲ್ಲುತ್ತಾಳೆ,
ಒಬ್ಬೊಬ್ಬರ ಅಂಗೈ ಹಿಡಿದು ತಗ್ಗಿನಲ್ಲಿ ಇಡಿಸುತ್ತಾಳೆ.

ಬದಲಿಗೆ ನಾವು ಹಾಕಿಸಿಕೊಟ್ಟ ಹೊಸ ಕಲ್ಲು
ತುಂಬಾ ಒರಟು, ಬಟ್ಟೆ ಹರಿಯುತ್ತೆ ಎಂಬುದು ಅವಳ ದೂರು.
ಮೂರು ಸಭೆಯಾಯಿತು,
ಅದಕ್ಕೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.