೧೧॥

ಝರಣಪ್ಪನ ಮಗ ಹಳೇ ಲುಂಗ್ಯಾಗ ಸುತ್ತಿ ತಂದಿದ್ದ.
ಬಿಚ್ಚಿದ್ರ ಕುದರಿ ವಾಸನಿ.
"ಬರೇ ಹೊಳಪು ಕೊಡ್ರಿ, ಬ್ಯಾರೇ ಏನೂ ಕೇಳಬ್ಯಾಡ್ರಿ" ಅಂದು
ಕೇಳದನ ಅರ್ಧಾ ತಾಸು ಹೇಳಿದ.

ಎರಡು ಅಂಗೈ ಅಗಲದ ಬಿದ್ರಿ ತಬಕ.
ನಡುವ ಕೆಳಗಿಳಿಯೋ ಮೆಟ್ಟಲ,
ಮ್ಯಾಲಿನ ಮೆಟ್ಟಲದಾಗ ಏಳು ಜೋಡ:
ಒಂದು ಜರಿ ಜೂತಿ, ಒಂದು ಬೂಟು,
ಒಂದರ ಉಂಗುಷ್ಠ ಹರದದ, ಅದನ್ನೂ ಬಿಡದ ಕೊರದಾನ.
ಒಂದು ಸಣ್ಣದು, ಹೆಂಗಸರದಿರಬೇಕು,
ಎಲ್ಲಾರಕಿಂತ ಮುಂದ ಬಿಟ್ಟಾಳ.
ಕೆಳಗ ಮುಚ್ಚಿದ ಬಾಗಿಲ,
ಬಾಗಿಲ ಅಡಿಗೆ ಕೂದಲೆಳಿಯಷ್ಟು ಬೆಳ್ಳಿ.
ಮನಷ್ಯಾ ಒಬ್ಬನೂ ಇಲ್ಲ.
ಬೆನ್ನಿಗೆ ಮೊಳಿಲೆ ಗೀಚಿದ್ದು: ೧೧॥

'ಸಾಡೇ ಗ್ಯಾರಾ' ಅಂತಿದ್ರಂತ ಆ ಮಜಲಿಸಿಗೆ.
ಹಾಲಿ ಸಿಕ್ಕಾ ನಡೀತಿದ್ದ ಕಾಲ.
ಅಮಾಸಿ ರಾತ್ರಿ ಗೊರಸಿಗೆ ಗೋಣಿ ಕಟ್ಟಿ
ಝರಣಪ್ಪನ ಟಾಂಗಾ ಚೌಬಾರಾ ದಾಟಿ
ಬತ್ತಿದ ಸುರಂಗಬಾವಿ ತನಕ.
ಹಿಂದ ತಿರುಗಿ ನೋಡಬಾರದು, ಅದು ಕರಾರು.
"ಕುದರಿಗೆ ಗೊತ್ತಿತ್ತು" ಅಂತಿದ್ನಂತ,
"ಭಾರದ ಮ್ಯಾಲ ಮಂದೀನ ಗುರತು ಹಿಡೀತಿತ್ತು."

ಒಳಗ ಇಸ್ಪೀಟು ಅಂತಾರ ಗಾಂವಾನ ಚೌಕದವರು.
ದೀಪಾ ಆರಿಸಿ ಒಂದೇ ತವಾ ಬೆಳತನಕ ಕೇಳ್ತಿದ್ರು ಅಂತಾನ ಗಡಿಯಾರ ರಿಪೇರಿಯಾವ.
ಹೆಂಗಸರು ಗಡ್ಡಾ ಅಂಟಿಸ್ಕೊಂಡು ಶೇರವಾನಿ ಹಾಕ್ತಿದ್ರು,
ಇದು ನಮ್ಮಜ್ಜಿ.
ನಿನಗ್ಹ್ಯಾಂಗ ಗೊತ್ತು ಅಂದ್ರ
ರೊಟ್ಟಿ ಬಡಿಲಾಕ ಎದ್ದು ಹೋಗ್ತಾಳ.

ಉಸ್ತಾದ್ ಹಶಮತ್ ಮಿಯಾ ನಕ್ರು:
"ಸಾಡೇ ಗ್ಯಾರಾ ತೊಲಾ ಬೆಳ್ಳಿ. ಕೆಲಸಗಾರನ ಲೆಕ್ಕ, ಬಸ್."
ಖರೇನೂ ಇರಬಹುದು.
ತೂಗಬೇಕಂದ್ರ ಬೆಳ್ಳಿ ಎಲ್ಲಾ ಕೀಳಬೇಕು,
ಕಿತ್ತ ಮ್ಯಾಲ ಯಾತಕ್ಕ ತೂಗೋದು.

ಕಿಲ್ಲೇದ ಮಣ್ಣು ತಂದ್ವಿ,
ಬಿಸಲು ಕಾಣದ್ದು, ಮಳಿ ಕಾಣದ್ದು.
ಉಸ್ತಾದ್ ನಾಲಿಗಿ ಮ್ಯಾಲಿಟ್ಟು ಹೂಂ ಅಂದ್ರು.
ನವಸಾಗರ ಹಾಕಿ ಕುದಿಸಿದ್ವಿ.
ಸತುವಿನ ಮೈ ಕರ್ರಗ ಮಾಡ್ತದ, ಬೆಳ್ಳಿ ಮುಟ್ಟೋದಿಲ್ಲ.
ಕತ್ತಲ್ಯಾಗ ಕುಂತವರ ಗುಟ್ಟು
ಕತ್ತಲ್ಯಾಗ ಕುಂತ ಮಣ್ಣಿಗೇ ಗೊತ್ತು
ಅಂತ ಬರೀಬೇಕನಸ್ತದ.
ಬ್ಯಾಡ. ಭಾಳ ಛಂದ ಆಗ್ತದ, ಸುಳ್ಳು ಕಾಣಸ್ತದ.

ಎಣ್ಣಿ ಹಚ್ಚಿ ತಿಕ್ಕುವಾಗ ಕರೆಂಟ್ ಹೋತು.
ಹೆಬ್ಬೆರಳಿಗೆ ಏನೋ ತಡವಿತು,
ಸಣ್ಣ ಜೋಡಿನ ಮಗ್ಗಲ.
ಕೊರದು, ತಂತಿ ಬಡೀದನ ಬಿಟ್ಟ ಗೆರಿ.
ಒಂದು ಪಾದ. ಅದರ ಬಾಜೂಕ ಇನ್ನೊಂದು.
ಬೆಳಕಿನ್ಯಾಗ ಕಾಣಂಗಿಲ್ಲ, ಕಪ್ಪಿನಾಗ ಕಪ್ಪು.
ಎಂಟನೇದು.
ಕೊರದಾವಂದೋ?
ಇನ್ನೂ ಬರಬೇಕಾದವರದೋ?
ಉಸ್ತಾದರಿಗೆ ಹೇಳಲಿಲ್ಲ.

ಒಯ್ಯುವಾಗ ಝರಣಪ್ಪನ ಮಗ ಬಗ್ಗಿ ನೋಡಿದ:
"ಬಾಗಿಲ ಕೆಳಗಿನ ಗೆರಿ ಮೊದಲಿಗಿಂತ ದಪ್ಪ ಆಗ್ಯದಲ್ಲ?"
"ಎಣ್ಣಿ" ಅಂದೆ.

ಆ ರಾತ್ರಿ ಅಜ್ಜಿ ಕಾಲು ಒತ್ತುವಾಗ
ಆಕಿ ಪಾದಕ್ಕ ಗೇಣು ಹಾಕಿದೆ.
ತಬಕದ ಮ್ಯಾಲಿನ ಜೋಡ ಅಕ್ಕಿಕಾಳಿನಷ್ಟು,
ಅಳತಿ ಹತ್ತೋದಿಲ್ಲ, ಗೊತ್ತದ.
ಆದ್ರೂ ಹಾಕಿದೆ.
ಕಣ್ಣು ಮುಚ್ಚಿದಾಕಿ ಮುಚ್ಚೇ ಇದ್ದು ಕೇಳಿದ್ಲು:
"ಯಾಕ, ಜೋಡ ತರ್ತೀ ಏನು?"